ಮುಖಕ್ಕೆ ಮುಂಚೆ ಊರು

(ವಿದ್ಯಾರ್ಥಿಗಳ ಚಿತ್ರ ತಯಾರಿಕೆಯನ್ನು ಕುರಿತ ಉಪನ್ಯಾಸದ ಬರಹರೂಪ)



ಕಾಲೇಜಿನ ನಾಲ್ಕು ಮಂದಿ ಸೇರಿ ಹದಿನೈದು ನಿಮಿಷದ ಒಂದು ಚಿತ್ರ ಮಾಡಬೇಕೆಂದು ಕೂತರೆ ಮೊದಲ ದಿನವೇ ಏಳುವ ಪ್ರಶ್ನೆಗಳು ಎರಡು. ಯಾರು ಅಭಿನಯಿಸಬೇಕು? ಎಲ್ಲಿ ಚಿತ್ರೀಕರಿಸಬೇಕು? ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಹುಡುಗರಿಗೆ ಥಟ್ಟನೆ ಹೊಳೆಯುವ ಉತ್ತರ, ನಟರಿಗೆ ಬೆಂಗಳೂರು, ದೃಶ್ಯಕ್ಕೆ ಮಲೆನಾಡು ಎಂಬುದು. ಒಂದೆಡೆ ಹಸಿರಿಲ್ಲದ ಬಂಡೆಬೆಟ್ಟ, ಇನ್ನೊಂದೆಡೆ ತೆಲುಗು ಬೆರೆತ ಕನ್ನಡ. ಇವೆರಡೂ ಸಿನಿಮಾಕ್ಕೆ ಒಗ್ಗುವುದಿಲ್ಲವೆಂಬ ಅಳುಕು ಈ ಉತ್ತರದ ಹಿಂದಿದೆ.

ಈ ಅಳುಕಿನಿಂದಲೇ ಮೊದಲ ತಪ್ಪು ಹುಟ್ಟುತ್ತದೆ. ನಟರ ಆಯ್ಕೆ ಮತ್ತು ಸ್ಥಳದ ಆಯ್ಕೆ ಎರಡು ಬೇರೆ ಕೆಲಸಗಳೆಂದು ತಿಳಿಯುವುದೇ ಆ ತಪ್ಪು. ಹಣವಿರುವ ದೊಡ್ಡ ಚಿತ್ರಕ್ಕೆ ಅವು ಬೇರೆಯಾಗಿರಬಹುದು. ಕೈಯಲ್ಲಿ ಕಾಸಿಲ್ಲದ ವಿದ್ಯಾರ್ಥಿಗೆ ಅವು ಒಂದೇ. ಊರನ್ನು ಸರಿಯಾಗಿ ಆರಿಸಿದರೆ ಮುಖ, ಮಾತು, ನಡಿಗೆ, ಉಡುಗೆ ಎಲ್ಲವೂ ಅದರ ಹಿಂದೆಯೇ ಬರುತ್ತವೆ.

ಕನ್ನಡದಲ್ಲಿ ಇದಕ್ಕೆ ತೀರ ಹತ್ತಿರದ ಉದಾಹರಣೆ ‘ತಿಥಿ’. ನಿರ್ದೇಶಕ ರಾಮ್ ರೆಡ್ಡಿ ಪ್ರಾಗ್‌ನ ಫಿಲ್ಮ್ ಸ್ಕೂಲಿನಲ್ಲಿ ಕಲಿತು ಬಂದ ತರುಣ. ಜೊತೆಗೆ ಕತೆ ಬರೆದ ಈರೇಗೌಡರ ಊರು ಮಂಡ್ಯ ಜಿಲ್ಲೆಯ ನೊದೆಕೊಪ್ಪಲು. ಚಿತ್ರ ಅಲ್ಲೇ ಬೆಳೆಯಿತು. ಬರೆದ ಪಾತ್ರಕ್ಕೆ ನಟನನ್ನು ಹುಡುಕುವ ಬದಲು, ಊರಿನ ಜನರನ್ನು ಕಂಡು ಅವರ ಸುತ್ತ ಪಾತ್ರಗಳನ್ನು ಕಟ್ಟಲಾಯಿತು. ಗಡ್ಡಪ್ಪನಾಗಿ ಬಂದ ಚನ್ನೇಗೌಡರು, ಸೆಂಚುರಿ ಗೌಡನಾಗಿ ಬಂದ ಸಿಂಗ್ರಿಗೌಡರು ಅದಕ್ಕೆ ಮುನ್ನ ಕ್ಯಾಮೆರಾ ಎದುರು ನಿಂತವರಲ್ಲ. 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಉತ್ಸವದಲ್ಲಿ ಚಿತ್ರಕ್ಕೆ ಪ್ರಶಸ್ತಿ ಬಂತು. ಆ ವರ್ಷದ ಅತ್ಯುತ್ತಮ ಕನ್ನಡ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯೂ ಅದರದಾಯಿತು. 2016ರಲ್ಲಿ ತೆರೆಕಂಡಾಗ ಜನ ಮೆಚ್ಚಿದ್ದು ಬೀಡಿ ಸೇದುತ್ತ ಹೊಲದ ಬದುವಿನಲ್ಲಿ ನಡೆಯುವ ಒಬ್ಬ ಮುದುಕನನ್ನು. ಆ ನಡಿಗೆಯನ್ನು ಯಾರೂ ಕಲಿಸಿದ್ದಲ್ಲ.

ನಿಜವಾದ ಅರ್ಥದಲ್ಲಿ ವಿದ್ಯಾರ್ಥಿಯ ಚಿತ್ರವೆಂದರೆ ಚಿದಾನಂದ ಎಸ್. ನಾಯ್ಕ್ ಅವರದು. ವೈದ್ಯಕೀಯ ಓದಿ, ಪುಣೆಯ ಚಲನಚಿತ್ರ ಮತ್ತು ಟೆಲಿವಿಷನ್ ಸಂಸ್ಥೆಯ ಒಂದು ವರ್ಷದ ಕೋರ್ಸ್ ಸೇರಿದ ಅವರು, ಕೋರ್ಸಿನ ಕೊನೆಯ ಅಭ್ಯಾಸವಾಗಿ ಹದಿನಾರು ನಿಮಿಷದ ಕನ್ನಡ ಚಿತ್ರ ಮಾಡಿದರು. ಇಂಗ್ಲಿಷಿನಲ್ಲಿ ‘ಸನ್‌ಫ್ಲವರ್ಸ್ ವರ್ ದ ಫಸ್ಟ್ ಒನ್ಸ್ ಟು ನೋ’ ಎಂಬ ಹೆಸರಿನ ಆ ಚಿತ್ರದ ವಸ್ತು, ಊರಿನ ಹುಂಜವನ್ನು ಕದ್ದು ಬೆಳಗಾಗುವುದನ್ನೇ ತಡೆದ ಮುದುಕಿಯ ಜನಪದ ಕತೆ. ಚಿತ್ರೀಕರಣ ನಡೆದದ್ದು ನಾಲ್ಕೇ ದಿನ. 2024ರ ಮೇ ತಿಂಗಳಲ್ಲಿ ಕಾನ್ ಉತ್ಸವದ ವಿದ್ಯಾರ್ಥಿ ವಿಭಾಗಕ್ಕೆ 555 ಚಿತ್ರಶಾಲೆಗಳಿಂದ 2,263 ಚಿತ್ರಗಳು ಬಂದಿದ್ದವು. ಆಯ್ಕೆಯಾದ 18ರಲ್ಲಿ ಮೊದಲ ಬಹುಮಾನ ಈ ಕನ್ನಡ ಚಿತ್ರಕ್ಕೆ ಸಂದಿತು. ಬೆಳಗಾಗದ ಊರಿನ ಕತೆಗೆ ಬೇಕಾದದ್ದು ಕತ್ತಲು. ಅದಕ್ಕೆ ಮಲೆನಾಡೇ ಆಗಬೇಕಿರಲಿಲ್ಲ.

ಇನ್ನು ಕೋಲಾರಕ್ಕೆ ಬರೋಣ. ತೆರೆಯ ಮೇಲೆ ಈ ಜಿಲ್ಲೆಯ ಹೆಸರು ದೇಶಕ್ಕೆಲ್ಲ ಕೇಳಿಸಿದ್ದು 2018 ಮತ್ತು 2022ರಲ್ಲಿ ಬಂದ ‘ಕೆಜಿಎಫ್’ ಚಿತ್ರಗಳಿಂದ. 2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚಿತು. ಉಳಿದ ಸೈನೈಡ್ ಮಣ್ಣಿನ ದಿಬ್ಬಗಳು ಸಿನಿಮಾದವರಿಗೆ ಬೆರಗಿನ ಹಿನ್ನೆಲೆಯಾದವು. ದಿಬ್ಬ ಕಂಡಿತು, ಜಿಲ್ಲೆಯ ಮಾತು ಕೇಳಲಿಲ್ಲ. ಮನೆಯೊಳಗೆ ತೆಲುಗು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ, ಪಕ್ಕದ ಬೀದಿಯಲ್ಲಿ ದಖನಿ ಉರ್ದು, ಗಣಿಯ ಕಾಲೊನಿಗಳಲ್ಲಿ ತಮಿಳು. ಅಜ್ಜಿ ತೆಲುಗಿನಲ್ಲಿ ಕೇಳಿದ್ದಕ್ಕೆ ಮೊಮ್ಮಗ ಕನ್ನಡದಲ್ಲಿ ಉತ್ತರ ಕೊಡುವ ಮನೆಗಳು ಇಲ್ಲಿ ಲೆಕ್ಕವಿಲ್ಲದಷ್ಟಿವೆ. ಹೊರಗಿನಿಂದ ಬಂದ ನಟನಿಗೆ ಇದನ್ನು ಹದಿನೈದು ದಿನದಲ್ಲಿ ಕಲಿಸಲಾಗದು. ಊರಿನವರಿಗೆ ಕಲಿಸಬೇಕಾಗಿಯೇ ಇಲ್ಲ. ವಿದ್ಯಾರ್ಥಿಯ ಕೈಲಿ ಆಗುವ, ದೊಡ್ಡ ಬಂಡವಾಳದ ಕೈಲಿ ಆಗದ ಕೆಲಸವೊಂದಿದ್ದರೆ ಅದು ಇದು.

ಹಾಗಾದರೆ ಸ್ಥಳ ಯಾವುದು? ನಾಲ್ಕು ತಾಲ್ಲೂಕಿಗೂ ನಾಲ್ಕು ಬಗೆಯ ಮುಖವಿದೆ. ಕೋಲಾರ ಪಟ್ಟಣಕ್ಕೆ ಅಂತರಗಂಗೆಯ ಬೆಟ್ಟ, ಚೋಳರ ಕಾಲದ ಕೋಲಾರಮ್ಮನ ಗುಡಿ, ಸೋಮೇಶ್ವರನ ಕಲ್ಯಾಣಮಂಟಪ, ಹೈದರಾಲಿಯ ತಂದೆ ಫತೇ ಮಹಮ್ಮದನ ಗೋರಿಯಿರುವ ಮಕ್ಬರಾ, ಜೊತೆಗೆ ದೇಶದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲೊಂದಾದ ಎಪಿಎಂಸಿ ಪ್ರಾಂಗಣ. ಮಾಲೂರಿಗೆ ಇಟ್ಟಿಗೆ-ಹೆಂಚಿನ ಕಾರ್ಖಾನೆಗಳ ಚಿಮಣಿ, ನೀಲಗಿರಿ ತೋಪು, ರೈಲು ನಿಲ್ದಾಣ, ಚಿಕ್ಕತಿರುಪತಿಯ ಜಾತ್ರೆ. ಮುಳಬಾಗಿಲಿಗೆ ಆವನಿಯ ಬೆಟ್ಟ ಮತ್ತು ನೊಳಂಬರ ಕಾಲದ ಗುಡಿಗಳು, ಕುರುಡುಮಲೆಯ ಎತ್ತರದ ಗಣಪ, ಹೈದರ್‌ವಲಿ ದರ್ಗಾ, ದೋಸೆಯ ಹೋಟೆಲುಗಳು. ಶ್ರೀನಿವಾಸಪುರಕ್ಕೆ ಮೈಲುಗಟ್ಟಲೆ ಮಾವಿನ ತೋಪು ಮತ್ತು ಮಾವಿನ ಮಂಡಿಗಳು.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆ ಅಗತ್ಯ. ಗುಡಿ-ಕೋಟೆಗಳು ಪ್ರವಾಸಿ ಪುಸ್ತಕಕ್ಕೆ ಚೆನ್ನ. ಕತೆಗೆ ಬೇಕಾದದ್ದು ಪಾತ್ರ ದಿನವೂ ಓಡಾಡುವ ಜಾಗ. ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕಗಳಲ್ಲಿ ಚಿತ್ರೀಕರಿಸಲು ಮೊದಲೇ ಅನುಮತಿ ಪಡೆಯಬೇಕು, ಶುಲ್ಕವನ್ನೂ ಕಟ್ಟಬೇಕು. ರೈಲು ನಿಲ್ದಾಣಕ್ಕೂ ಅನುಮತಿ ಬೇಕು. ಹಾಲಿನ ಡೇರಿಯ ಜಗುಲಿ, ಹಿಟ್ಟಿನ ಗಿರಣಿ, ಕೆರೆ ಏರಿ, ರೇಷ್ಮೆ ಮನೆ ಇವುಗಳಿಗೆ ಬೇಕಾದದ್ದು ಯಜಮಾನರ ಒಂದು ಮಾತು, ಮತ್ತು ಮುಂಚಿತವಾಗಿ ನಾಲ್ಕು ಸಲ ಹೋಗಿ ಕೂತು ಬರುವ ವ್ಯವಧಾನ.

ಸ್ಥಳಕ್ಕೆ ತಾರೀಖೂ ಇರುತ್ತದೆ. ಸತ್ಯಜಿತ್ ರಾಯ್ ‘ಪಥೇರ್ ಪಾಂಚಾಲಿ’ಯ ಚಿತ್ರೀಕರಣ ಆರಂಭಿಸಿದ್ದು 1952ರ ಅಕ್ಟೋಬರಿನಲ್ಲಿ, ಬಿಳಿ ಹೂವು ತುಂಬಿದ ಕಾಶ ಹುಲ್ಲಿನ ಬಯಲಿನಲ್ಲಿ. ಒಂದು ದಿನ ಕೆಲಸ ಮಾಡಿ ಮುಂದಿನ ವಾರ ಬಂದು ನೋಡಿದರೆ ದನಗಳು ಹೂವನ್ನೆಲ್ಲ ಮೇದುಬಿಟ್ಟಿದ್ದವು. ಆ ದೃಶ್ಯಕ್ಕಾಗಿ ಮತ್ತೆ ಹೂ ಬರುವ ತನಕ ಕಾಯಬೇಕಾಯಿತು. ಶ್ರೀನಿವಾಸಪುರದ ಮಾವಿಗೂ ಇದೇ ನ್ಯಾಯ. ಹೂ ಬಿಡುವುದು ಜನವರಿ-ಫೆಬ್ರವರಿಯಲ್ಲಿ, ಮಂಡಿ ತುಂಬುವುದು ಮೇ ತಿಂಗಳ ನಂತರ. ಹೂವಿನ ದೃಶ್ಯ ಮತ್ತು ಹಣ್ಣಿನ ದೃಶ್ಯ ಎರಡೂ ಬೇಕೆನ್ನುವ ಕತೆ ನಾಲ್ಕು ತಿಂಗಳು ನಿಲ್ಲಬೇಕಾಗುತ್ತದೆ.

ಕೆರೆಗಳ ಕತೆ ಇನ್ನೂ ದೊಡ್ಡದು. ಬತ್ತಿದ ಕೆರೆ ದಶಕಗಳ ಕಾಲ ಕೋಲಾರದ ಗುರುತಾಗಿತ್ತು. 2018ರ ಜೂನ್‌ನಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೆ.ಸಿ. ವ್ಯಾಲಿ ಯೋಜನೆಯ ಕೊಳವೆಯಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಂತು. ದಿನಕ್ಕೆ 440 ದಶಲಕ್ಷ ಲೀಟರ್ ನೀರನ್ನು 126 ಕೆರೆಗಳಿಗೆ ಹರಿಸುವುದು ಆ ಯೋಜನೆಯ ಲೆಕ್ಕ. ಆ ನೀರಿನ ಗುಣಮಟ್ಟದ ಬಗೆಗೆ ಚರ್ಚೆ ನಡೆಯಿತು, ದಾವೆಯೂ ನಡೆಯಿತು. ಹೀಗಿರುವಾಗ ಬಿರುಕುಬಿಟ್ಟ ಕೆರೆಯಂಗಳ ತೋರಿಸಿ ‘ಇದು ಕೋಲಾರ’ ಎನ್ನುವ ಚಿತ್ರ ಹಳೆಯ ಭಾವಚಿತ್ರವನ್ನು ಇಂದಿನದೆಂದು ಕೊಟ್ಟಂತೆ. ಹದಿನೈದು ವರ್ಷದ ಹಿಂದಿನ ಕತೆಯೋ ಇಂದಿನದೋ ಎಂದು ಮೊದಲು ತೀರ್ಮಾನವಾಗಬೇಕು. ಕೆರೆಯಲ್ಲಿ ನೀರಿರಬೇಕೋ ಬೇಡವೋ ಎಂಬುದು ಆಮೇಲೆ.

ಸ್ಥಳ ನೋಡಲು ಹೋದವರು ಕಣ್ಣನ್ನಷ್ಟೇ ಒಯ್ದು ಕಿವಿಯನ್ನು ಮನೆಯಲ್ಲಿ ಬಿಟ್ಟಿರುತ್ತಾರೆ. ಬೆಂಗಳೂರು-ಚೆನ್ನೈ ಕಡೆಯ ಹೆದ್ದಾರಿ ಕೋಲಾರ, ಮುಳಬಾಗಿಲುಗಳ ಮಗ್ಗುಲಲ್ಲೇ ಹಾಯುತ್ತದೆ. ಲಾರಿಯ ಹಾರನ್ ಬಹಳ ದೂರ ಕೇಳುತ್ತದೆ. ತ್ರೀ ಫೇಸ್ ಕರೆಂಟು ಬಂದ ಹೊತ್ತಿಗೆ ತೋಟದ ಮೋಟಾರುಗಳೆಲ್ಲ ಒಟ್ಟಿಗೆ ಶುರುವಾಗುತ್ತವೆ. ಆದ್ದರಿಂದ ಚಿತ್ರೀಕರಿಸುವ ಹೊತ್ತಿನಲ್ಲೇ, ಸಾಧ್ಯವಾದರೆ ವಾರದ ಅದೇ ದಿನವೇ ಹೋಗಿ ಹತ್ತು ನಿಮಿಷ ಕಣ್ಣು ಮುಚ್ಚಿ ಕೂರಬೇಕು. ಬಿಸಿಲು ಯಾವ ಕಡೆಯಿಂದ ಬೀಳುತ್ತದೆ, ಎಷ್ಟು ಹೊತ್ತು ಇರುತ್ತದೆ ಎಂಬುದನ್ನು ಬರೆದುಕೊಳ್ಳುವುದು ಆನಂತರದ ಕೆಲಸ.

ಈಗ ನಟರ ಮಾತು. ಜಿಲ್ಲೆಯಲ್ಲಿ ನಟರಿಗೆ ಬರವಿಲ್ಲ. ಕೇಳಿಕೆ ಆಡುವವರಿದ್ದಾರೆ, ಹಾರ್ಮೋನಿಯಂ ಮೇಷ್ಟರ ಕೈಕೆಳಗೆ ಪೌರಾಣಿಕ ನಾಟಕ ಕಲಿತವರಿದ್ದಾರೆ, ತಮಟೆಯವರು, ತತ್ವಪದ ಹಾಡುವವರು ಇದ್ದಾರೆ. ತೇರಹಳ್ಳಿ ಬೆಟ್ಟದ ಮೇಲೆ ಕೋಟಿಗಾನಹಳ್ಳಿ ರಾಮಯ್ಯನವರು ಕಟ್ಟಿದ ‘ಆದಿಮ’ದಲ್ಲಿ ಹುಣ್ಣಿಮೆಯ ರಾತ್ರಿಗಳಲ್ಲಿ ನಾಟಕ, ಹಾಡು ನೋಡಿ ಬೆಳೆದ ತರುಣರಿದ್ದಾರೆ. ಆದರೆ ದುರ್ಯೋಧನನ ಪಾತ್ರ ಮಾಡಿದವರ ದನಿ ಬಯಲಿನ ಕಟ್ಟಕಡೆಯ ಸಾಲಿಗೆ ಮುಟ್ಟುವಂತೆ ಪಳಗಿದ್ದು. ಕ್ಯಾಮೆರಾ ಮೂರಡಿ ದೂರದಲ್ಲಿರುತ್ತದೆ. ಅವರಿಗೆ ‘ಚೆನ್ನಾಗಿ ಅಭಿನಯಿಸಿ’ ಎಂದರೆ ದನಿ ಏರುತ್ತದೆ. ‘ಪಕ್ಕದಲ್ಲಿ ಮಗು ಮಲಗಿದೆ’ ಎಂದರೆ ತಾನಾಗಿ ಇಳಿಯುತ್ತದೆ.

ಅಭಿನಯವೇ ಗೊತ್ತಿಲ್ಲದವರನ್ನು ಆರಿಸುವಾಗ ಸಂಭಾಷಣೆ ಬರೆದ ಹಾಳೆ ಕೊಡುವುದು ವ್ಯರ್ಥ. ಓದು ಬಾರದವರಿಗೆ ಅದರಿಂದ ಅವಮಾನ, ಓದು ಬಂದವರಿಂದ ಪಾಠ ಒಪ್ಪಿಸಿದ ದನಿ. ದಿನನಿತ್ಯದ ಕೆಲಸವನ್ನು ಅವರು ಮಾಡುತ್ತಿರಲಿ, ಕ್ಯಾಮೆರಾ ಓಡುತ್ತಿರಲಿ. ಹಸು ಕರೆಯುವಾಗ, ಸೊಪ್ಪು ಕೊಯ್ಯುವಾಗ, ಟೊಮೆಟೊ ಬಾಕ್ಸ್ ತುಂಬುವಾಗ ಅವರು ಕ್ಯಾಮೆರಾವನ್ನು ಮರೆಯುತ್ತಾರೆಯೇ ಎಂಬುದೇ ಪರೀಕ್ಷೆ. ಎರಡನೆಯ ಪರೀಕ್ಷೆ, ಇನ್ನೊಬ್ಬರು ಮಾತಾಡುವಾಗ ಅವರು ಕೇಳಿಸಿಕೊಳ್ಳುವ ಬಗೆ. ಮಾತನಾಡುವವರು ಊರಿಗೆ ಹತ್ತು ಮಂದಿ ಸಿಗುತ್ತಾರೆ. ಕ್ಯಾಮೆರಾ ಎದುರು ಸಹಜವಾಗಿ ಕಿವಿಗೊಡುವವರು ಸಿಗುವುದು ಕಷ್ಟ.

ಆಯ್ಕೆಯಾದವರ ದಿನಚರಿ ತಿಳಿಯದೆ ಚಿತ್ರೀಕರಣದ ಪಟ್ಟಿ ಹಾಕಿದರೆ ಪಟ್ಟಿ ಸೋಲುತ್ತದೆ. ಬೆಳಗ್ಗೆ ಸಂಜೆ ಡೇರಿಗೆ ಹಾಲು ಹಾಕುವ ಹೊತ್ತಿನಲ್ಲಿ ಮನೆಯವರು ಸಿಗುವುದಿಲ್ಲ. ರೇಷ್ಮೆ ಹುಳು ಹಣ್ಣಾಗಿ ಚಂದ್ರಿಕೆಗೆ ಬಿಡುವ ದಿನಗಳಲ್ಲಿ ಇಡೀ ಮನೆಗೆ ನಿದ್ದೆಯಿಲ್ಲ. ಇನ್ನೊಂದು ಅಪಾಯ ಈ ಭಾಗಕ್ಕೇ ಸೇರಿದ್ದು. ತಿರುಪತಿ ಹತ್ತಿರ. ಹರಕೆ ಇದ್ದವರು ಎರಡು ಚಿತ್ರೀಕರಣಗಳ ನಡುವೆ ಹೋಗಿ ಮುಡಿ ಕೊಟ್ಟು ಬಂದರೆ ಚಿತ್ರ ಅಲ್ಲಿಗೆ ನಿಂತಿತು. ಮೊದಲ ದಿನವೇ ಕೇಳಿಕೊಳ್ಳುವುದು ಜಾಣತನ.

ಮಕ್ಕಳ ಪಾತ್ರಕ್ಕೆ ಕಾನೂನೂ ಇದೆ. 2017ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ನಿಯಮಗಳ ಪ್ರಕಾರ ದಿನಕ್ಕೆ ಐದು ಗಂಟೆಗಿಂತ ಹೆಚ್ಚು, ಬಿಡುವಿಲ್ಲದೆ ಮೂರು ಗಂಟೆಗಿಂತ ಹೆಚ್ಚು ಹೊತ್ತು ಮಗುವಿನಿಂದ ಅಭಿನಯ ಮಾಡಿಸುವಂತಿಲ್ಲ. ನಿರ್ಮಾಪಕರು ಜಿಲ್ಲಾ ದಂಡಾಧಿಕಾರಿಯ ಅನುಮತಿ ಪಡೆಯಬೇಕು. ಮಗುವಿನ ಸಂಪಾದನೆಯ ಶೇಕಡಾ 20ನ್ನಾದರೂ ಅದರ ಹೆಸರಿನಲ್ಲಿ ಬ್ಯಾಂಕಿನಲ್ಲಿ ಠೇವಣಿ ಇಡಬೇಕು. ಕಾಲೇಜಿನ ಚಿತ್ರವೆಂದು ಮಗುವಿನ ದಣಿವು ಕಡಿಮೆಯಾಗುವುದಿಲ್ಲ.

ಕೊನೆಗೆ ಉಳಿಯುವುದು ಋಣದ ಪ್ರಶ್ನೆ. 1948ರಲ್ಲಿ ಬಂದ ಇಟಲಿಯ ‘ಬೈಸಿಕಲ್ ಥೀವ್ಸ್’ ಚಿತ್ರಕ್ಕೆ ನಿರ್ದೇಶಕ ಡಿ ಸಿಕಾ ಆರಿಸಿದ್ದು ಲಾಂಬೆರ್ತೊ ಮಜೊರಾನಿ ಎಂಬ ಕಾರ್ಖಾನೆಯ ಕೆಲಸಗಾರನನ್ನು. ಕೆಲಸ ಕಳೆದುಕೊಳ್ಳುವ ಭಯದಲ್ಲಿರುವ ಬಡವನ ಪಾತ್ರದಲ್ಲಿ ಅವನ ಮುಖ ಲೋಕಕ್ಕೆಲ್ಲ ಪರಿಚಯವಾಯಿತು. ಚಿತ್ರ ಮುಗಿಸಿ ಕಾರ್ಖಾನೆಗೆ ಮರಳಿದ ಅವನು ಕೆಲಕಾಲದಲ್ಲೇ ಆ ಕೆಲಸವನ್ನು ನಿಜವಾಗಿ ಕಳೆದುಕೊಂಡ. ಸಿನಿಮಾದವನೆಂಬ ಹೆಸರು ಬಂತು, ಅನ್ನ ಹೋಯಿತು. ಗಡ್ಡಪ್ಪನವರಿಗೆ ‘ತಿಥಿ’ಯ ನಂತರ ಬೇರೆ ಚಿತ್ರಗಳೂ ಸಿಕ್ಕವು. ಎಲ್ಲರಿಗೂ ಹಾಗಾಗುವುದಿಲ್ಲ.

ಆದ್ದರಿಂದ ಒಂದು ದಿನದ ಕೂಲಿ ಬಿಟ್ಟು ಬಂದವರಿಗೆ ಆ ದಿನದ ಕೂಲಿ ಅದೇ ದಿನ ಸಂಜೆ ಸಲ್ಲಬೇಕು. ‘ನಿಮ್ಮ ಮುಖ ಟಿ.ವಿ.ಯಲ್ಲಿ ಬರುತ್ತೆ’ ಎಂಬ ಮಾತು ಕೂಲಿಯಲ್ಲ. ಕತೆ ಏನೆಂದು, ಅದರಲ್ಲಿ ಅವರ ಪಾತ್ರ ಒಳ್ಳೆಯದೋ ಕೆಟ್ಟದ್ದೋ ಎಂದು ಮೊದಲೇ ಹೇಳಬೇಕು. ಜಾತಿ, ಕೇರಿ, ಜಗಳಗಳ ವಿಷಯವಿದ್ದರಂತೂ ತಪ್ಪದೆ ಹೇಳಬೇಕು. ಚಿತ್ರತಂಡ ಮೂರು ದಿನದಲ್ಲಿ ಊರು ಬಿಡುತ್ತದೆ. ಅವರು ಅದೇ ಕೇರಿಯಲ್ಲಿ ಉಳಿಯುತ್ತಾರೆ.

ಚಿತ್ರ ಮುಗಿದ ಮೇಲೆ ಅದರ ಮೊದಲ ಪ್ರದರ್ಶನ ನಡೆಯಬೇಕಾದದ್ದೂ ಆ ಊರಿನಲ್ಲೇ, ಶಾಲೆಯ ಗೋಡೆಗೆ ಕಟ್ಟಿದ ಬಿಳಿ ಪಂಚೆಯ ಮೇಲೆ. ಬಹುಮಾನ ಬರಬಹುದು, ಬಾರದೆ ಹೋಗಬಹುದು. ತಮ್ಮ ಮಾತು ತಮ್ಮದೇ ದನಿಯಲ್ಲಿ ಕೇಳಿದಾಗ ಆ ಜನ ಮುಖ ತಿರುಗಿಸದೆ ಕೊನೆಯವರೆಗೂ ಕೂತರೆ ಆಯ್ಕೆ ಸರಿಯಾಗಿತ್ತೆಂದು ಅರ್ಥ. ಮುಂದಿನ ಚಿತ್ರಕ್ಕೆ ಅದೇ ಊರಿಗೆ ಹೋದಾಗ ಬಾಗಿಲು ತೆರೆದಿರುವುದೂ ಆಗಲೇ.