ಪಾಪರ್ ಚೀಟಿ ಮತ್ತು ಜೀವನಾಂಶ



"ಗಂಡ ಪಾಪರ್ ಚೀಟಿ ತಗೊಂಡ್ರಂತೆ, ಜೀವನಾಂಶ ಹೋಯ್ತು ಮೇಡಂ" ಎಂದು ಹಳೆಯ ವಿದ್ಯಾರ್ಥಿನಿಯೊಬ್ಬಳು ಅಳುತ್ತ ಬಂದಳು. ವಕೀಲರಲ್ಲಿಗೆ ಕರೆದೊಯ್ದೆ.

ನಮ್ಮ ಜಿಲ್ಲೆಗಳಲ್ಲಿ ಇಂದಿಗೂ ನಡೆಯುವುದು 1920ರ ಪ್ರಾಂತೀಯ ದಿವಾಳಿ ಕಾಯಿದೆ. ತೀರಿಸಲಾಗದ ಸಾಲ 500 ರೂಪಾಯಿಯಿದ್ದರೂ ಅರ್ಜಿ ಹಾಕಬಹುದು! ಆದರೆ 44ನೇ ಕಲಮಿನಂತೆ, ಸಾಲಗಳಿಂದ ಬಿಡುಗಡೆ ಪಡೆದವನಿಗೂ ಮ್ಯಾಜಿಸ್ಟ್ರೇಟರು ಆದೇಶಿಸಿದ ಜೀವನಾಂಶದಿಂದ ಬಿಡುಗಡೆಯಿಲ್ಲ. ತವರಿನ ಒಡವೆಯೂ ಅವನ ಆಸ್ತಿಯಲ್ಲ; ಸ್ತ್ರೀಧನ ಹೆಂಡತಿಯದೇ ಎಂದು ಸುಪ್ರೀಂ ಕೋರ್ಟು 1985ರಲ್ಲೇ ಹೇಳಿದೆ. ರಸೀದಿ, ಮದುವೆ ಫೋಟೋ ಜೋಪಾನ ಮಾಡಿಡಿ.

ತೊಡಕು ಬೇರೆಡೆಯಿತ್ತು. ಗಂಡನ ಸಾಲಕ್ಕೆ ಆಕೆ ಜಾಮೀನು ನಿಂತಿದ್ದಳು. ಅವನು ಬಿಡುಗಡೆಯಾದರೂ ಜಾಮೀನುದಾರಳಿಗೆ ಬಿಡುಗಡೆಯಿಲ್ಲ.

"ಓದದೆ ಯಾಕಮ್ಮ ಸಹಿ ಹಾಕಿದೆ?" ಎಂದು ಗದರಿದೆ.

"ಹೊಡೀತಿದ್ರು ಮೇಡಂ."

ಬಲವಂತದ ಸಹಿಯೆಂದು ಈಗ ವಾದ ಹೂಡಿದ್ದೇವೆ.