ಗೊಂಬೆಪುಸ್ತಕದ ಚಿತ್ರಕಾರ ಮತ್ತು ಮೇ ದಿನದ ಮೆರವಣಿಗೆ
(ಕಾರ್ಮಿಕ ವಾಚನಾಲಯದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಕಳೆದ ತಿಂಗಳು ವಾಚನಾಲಯದ ಕಮಿಟಿಯಲ್ಲಿ ನಡೆದ ಚರ್ಚೆ ತಮ್ಮಲ್ಲಿ ಕೆಲವರಿಗೆ ಗೊತ್ತಿದೆ. ನಮ್ಮ ಕಪಾಟಿನಲ್ಲಿ ಕಾಯಿದೆ ಪುಸ್ತಕಗಳಿವೆ, ಪಕ್ಷದ ಕಿರುಹೊತ್ತಗೆಗಳಿವೆ, ಕಾದಂಬರಿಗಳೂ ಇವೆ. ಆದರೆ ಸಂಜೆ ತಂದೆಯ ಕೈಹಿಡಿದು ಬಂದು ಮೂಲೆಯ ಬೆಂಚಿನ ಮೇಲೆ ಕಾಲಾಡಿಸುತ್ತ ಕೂರುವ ಮಗುವಿಗೆ ಕೊಡಲು ಒಂದು ಪುಸ್ತಕವೂ ಇಲ್ಲ. ಈ ವರ್ಷದ ಹಣದಲ್ಲಿ ಒಂದು ಭಾಗವನ್ನು ಮಕ್ಕಳ ಚಿತ್ರಪುಸ್ತಕಗಳಿಗೆ ತೆಗೆದಿಡಬೇಕೆಂದು ಸೂಚನೆ ಬಂದಾಗ, ಹಿರಿಯ ಸಂಗಾತಿಯೊಬ್ಬರು, "ಮೊದಲು ಬೋನಸ್ಸಿನ ಪ್ರಶ್ನೆ ತೀರಲಿ, ಆಮೇಲೆ ಗೊಂಬೆಪುಸ್ತಕ" ಎಂದರು. ಅವರ ಮಾತನ್ನು ನಾವು ಹಗುರವಾಗಿ ತೆಗೆದುಕೊಂಡಿಲ್ಲ. ಹಸಿವು ಕಂಡವರ ಮಾತು ಅದು. ಅದಕ್ಕೆ ಉತ್ತರವಾಗಿ ಇಂದು ಒಬ್ಬ ಚಿತ್ರಕಾರನ ಕಥೆ ಹೇಳುತ್ತೇವೆ. ಆತ ಇಂಗ್ಲೆಂಡಿನವನು, ಹೆಸರು ವಾಲ್ಟರ್ ಕ್ರೇನ್.

ಕ್ರೇನ್ ಹುಟ್ಟಿದ್ದು 1845ರ ಆಗಸ್ಟ್ 15ರಂದು, ಲಿವರ್‌ಪೂಲಿನಲ್ಲಿ. ತಂದೆ ಭಾವಚಿತ್ರ ಬರೆದು ಸಂಸಾರ ಸಾಗಿಸುತ್ತಿದ್ದವನು, 1859ರಲ್ಲಿ ತೀರಿಕೊಂಡ. ಅದೇ ವರ್ಷ ಹುಡುಗ ಲಂಡನ್ನಿನಲ್ಲಿ ಡಬ್ಲ್ಯು. ಜೆ. ಲಿಂಟನ್ ಎಂಬವನ ಕಾರ್ಖಾನೆಯಲ್ಲಿ ಮೂರು ವರ್ಷದ ಕಲಿಕೆಗೆ ಸೇರಿದ. ಲಿಂಟನ್ ಮರದ ಅಚ್ಚು ಕೊರೆಯುವುದರಲ್ಲಿ ನಿಪುಣ. ಅಷ್ಟೇ ಅಲ್ಲ, ಕೂಲಿಕಾರನಿಗೂ ಮತದ ಹಕ್ಕು ಬೇಕೆಂದು ಹೋರಾಡಿದ ಚಾರ್ಟಿಸ್ಟ್ ಚಳುವಳಿಯ ಕಟ್ಟಾಳು. ಹುಡುಗನಿಗೆ ಅಲ್ಲಿ ಕೈಕೆಲಸವೂ ಸಿಕ್ಕಿತು, ವಿಚಾರವೂ ಕಿವಿಗೆ ಬಿತ್ತು.

ಆ ಕೆಲಸ ಎಂಥದೆಂದು ಗಿರಣಿಯವರಾದ ನಮಗೆ ತಿಳಿಯಬೇಕು. ನುಣುಪು ಮಾಡಿದ ಗಟ್ಟಿ ಮರದ ತುಂಡಿನ ಮೇಲೆ ಚಿತ್ರ ಬರೆಯಬೇಕು. ಗೆರೆ ಉಳಿಯುವಂತೆ ಸುತ್ತಲಿನ ಮರವನ್ನು ಸಣ್ಣ ಉಳಿಯಿಂದ ಕೊರೆಯಬೇಕು. ಬಣ್ಣದ ಚಿತ್ರವಾದರೆ ಕಪ್ಪು ಗೆರೆಗೆ ಒಂದು ಅಚ್ಚು, ಕೆಂಪಿಗೆ ಒಂದು, ನೀಲಿಗೆ ಮತ್ತೊಂದು. ಸೀರೆಗೆ ಬಣ್ಣದಚ್ಚು ಹಾಕುವವರು ಬಲ್ಲರು: ಒಂದು ಅಚ್ಚು ಕೂದಲೆಳೆಯಷ್ಟು ಸರಿದರೂ ಮಾಲು ಕೆಟ್ಟಿತು. ಮಗುವಿನ ಪುಸ್ತಕದ ಒಂದೊಂದು ಹಾಳೆಯ ಹಿಂದೆಯೂ ಹೀಗೆ ಹಲವರ ಕಣ್ಣು ಸವೆದಿದೆ.

ಎಡ್ಮಂಡ್ ಇವಾನ್ಸ್ ಎಂಬ ಮುದ್ರಕನ ಜೊತೆ ಸೇರಿ ಕ್ರೇನ್ 1865ರಿಂದ ಮಕ್ಕಳಿಗಾಗಿ ತೆಳು ಚಿತ್ರಪುಸ್ತಕಗಳನ್ನು ಬರೆಯತೊಡಗಿದ. ಕೆಲವೇ ಹಾಳೆ, ಬೆಲೆ ಆರು ಪೆನ್ನಿ. ಅಗ್ಗದ ಪುಸ್ತಕವಾದರೆ ಹೇಗಿದ್ದರೂ ನಡೆಯುತ್ತದೆ ಎಂದು ಒರಟು ಚಿತ್ರ, ಚೆಲ್ಲಾಡಿದ ಬಣ್ಣ ಹಾಕಿ ಮಾರುವ ರೂಢಿ ಆಗ ಬಹಳವಿತ್ತು. ಇವರಿಬ್ಬರೂ ಅದನ್ನು ಒಪ್ಪಲಿಲ್ಲ. ಅಗ್ಗವಾಗಿರುವುದು ಅಂದವಾಗಿಯೂ ಇರಬೇಕೆಂದು ಹಟ ಹಿಡಿದರು. ಕಥೆಯ ಮನೆಯಲ್ಲಿ ಒಂದು ಕುರ್ಚಿ ಬಂದರೂ, ನೆಲಕ್ಕೆ ಹಾಸಿದ ಬಿಲ್ಲೆ ಬಂದರೂ, ಕ್ರೇನ್ ಅದನ್ನು ಅರಮನೆಗೆ ಮಾಡಿಕೊಡುವಷ್ಟು ಶ್ರದ್ಧೆಯಿಂದ ಬರೆದ. ಮಗು ಸ್ಪಷ್ಟವಾದ ಗೆರೆಯನ್ನೂ ಮುಚ್ಚುಮರೆಯಿಲ್ಲದ ಬಣ್ಣವನ್ನೂ ಇಷ್ಟಪಡುತ್ತದೆ ಎಂಬುದು ಆತನ ಅನುಭವ. ವಾಸ್ತವದ ದಬ್ಬಾಳಿಕೆಯ ವಿರುದ್ಧ ದಂಗೆಯೇಳಬೇಕೆನ್ನುವ ಚಿತ್ರಕಾರನಿಗೆ ಉಳಿದಿರುವ ಬಯಲು ಮಕ್ಕಳ ಪುಸ್ತಕವೊಂದೇ ಎಂಬ ಅರ್ಥದ ಮಾತನ್ನೂ ಆತ ಬರೆದಿದ್ದಾನೆ.

ಇಂಥ ಕೆಲಸಕ್ಕೆ ಸಿಕ್ಕ ಪ್ರತಿಫಲವೇನು? ಈ ಸಣ್ಣ ಪುಸ್ತಕಗಳಿಗೆ ಪ್ರಕಾಶಕರು ಒಂದೇ ಸಲ ಒಂದು ಮೊತ್ತ ಕೊಟ್ಟು ಕೈತೊಳೆದುಕೊಂಡರು. ಪುಸ್ತಕ ಎಷ್ಟು ಸಾವಿರ ಮಾರಿದರೂ ಬರೆದವನಿಗೆ ಪಾಲಿಲ್ಲ. ಆತನ ನಂತರ ಅದೇ ಇವಾನ್ಸನ ಬಳಿ ಕೆಲಸ ಮಾಡಿದ ರ್‍ಯಾಂಡಾಲ್ಫ್ ಕಾಲ್ಡಿಕಾಟ್ ಎಂಬ ಚಿತ್ರಕಾರ ಮಾರಿದ ಪ್ರತಿಯೊಂದಕ್ಕೆ ಇಷ್ಟೆಂದು ಕರಾರು ಮಾಡಿಕೊಂಡ. ಕೂಲಿ ಬೇರೆ, ಪಾಲು ಬೇರೆ ಎಂಬುದನ್ನು ಬೋನಸ್ಸಿಗಾಗಿ ಬಾಗಿಲಲ್ಲಿ ನಿಂತ ನಮಗೆ ಯಾರೂ ಕಲಿಸಬೇಕಾಗಿಲ್ಲ. ಚಿತ್ರ ಬರೆಯುವವನೂ ನಮ್ಮ ಸಾಲಿನವನೇ.

ಕ್ರೇನ್ ಕೊನೆಗೆ ಆ ಸಾಲಿಗೇ ಬಂದು ನಿಂತ. ಗೆಳೆಯ ವಿಲಿಯಂ ಮಾರಿಸನ ಪ್ರಭಾವದಿಂದ 1884ರಲ್ಲಿ ಸಮಾಜವಾದಿ ಸಂಘಟನೆ ಸೇರಿದ. ಪಕ್ಷದ ಪತ್ರಿಕೆಗಳಾದ 'ಜಸ್ಟಿಸ್', 'ಕಾಮನ್‌ವೀಲ್'ಗಳಿಗೆ ಚಿತ್ರ ಬರೆದುಕೊಟ್ಟ. 1887ರ ನವೆಂಬರ್ 13ರಂದು ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿ ಸಭೆ ಸೇರಲು ಬಂದ ಜನರನ್ನು ಪೋಲೀಸರು ಬಡಿದು ಚದುರಿಸಿದರು. ಒಂದು ವಾರದ ಮೇಲೆ ಆಲ್‌ಫ್ರೆಡ್ ಲಿನೆಲ್ ಎಂಬ ಬಡವನು ಪೋಲೀಸ್ ಕುದುರೆಯ ಕಾಲಿಗೆ ಸಿಕ್ಕಿ, ಕೆಲವು ದಿನ ನರಳಿ ಸತ್ತ. ಅವನಿಗಾಗಿ ಮಾರಿಸ್ ಹಾಡು ಕಟ್ಟಿದ. ಕ್ರೇನ್ ಅದಕ್ಕೆ ಮುಖಚಿತ್ರ ಬರೆದ. ಅದನ್ನು ಒಂದು ಪೆನ್ನಿಗೆ ಮಾರಿ ಬಂದ ಹಣವನ್ನು ಲಿನೆಲನ ತಬ್ಬಲಿ ಮಕ್ಕಳಿಗೆಂದು ಇಟ್ಟರು. ಈಸೋಪನ ಕಥೆಗಳಿಗೆ ಚಿತ್ರ ಹಾಕಿದ ಆತನ ಪುಸ್ತಕ ಬಂದದ್ದೂ ಆ 1887ರಲ್ಲಿಯೇ. ಅದರ ಪದ್ಯಗಳು ಹಳೆಯ ಗುರು ಲಿಂಟನ್ನನವು.

ಇನ್ನು ನಾವು ಮುಖ್ಯವಾಗಿ ಹೇಳಬೇಕೆಂದಿರುವ ಸಂಗತಿ. 1889ರಲ್ಲಿ ಕ್ರೇನ್ 'ಫ್ಲೋರಾಸ್ ಫೀಸ್ಟ್' ಎಂಬ ಪುಸ್ತಕ ಬರೆದ. ಹೂಗಳ ರಾಣಿ ಚಳಿಗಾಲದ ನಿದ್ದೆಯಲ್ಲಿರುವ ಹೂಗಳನ್ನು ಎಬ್ಬಿಸುತ್ತಾಳೆ. ಒಂದೊಂದು ಹೂವೂ ಮನುಷ್ಯರೂಪ ತಾಳಿ, ಎಸಳನ್ನೇ ಉಡುಗೆಯಾಗಿ ಉಟ್ಟು, ಮೆರವಣಿಗೆ ಹೊರಡುತ್ತದೆ. ಎರಡು ವರ್ಷದ ಮೇಲೆ, 1891ರ ಮೇ ದಿನಕ್ಕೆ, ಆತ 'ಶ್ರಮದ ವಿಜಯ' ಎಂಬ ದೊಡ್ಡ ಚಿತ್ರವನ್ನು ಎಲ್ಲ ದೇಶಗಳ ಕೂಲಿಕಾರರಿಗೆ ಅರ್ಪಿಸಿದ. ಅಲ್ಲಿಯೂ ಮೆರವಣಿಗೆಯೇ! ಎತ್ತು ಹೂಡಿದ ಬಂಡಿ, ಹತಾರ ಹೊತ್ತ ಗಂಡಸರು, ಹೆಂಗಸರು, ಮಕ್ಕಳು, ಬಾವುಟಗಳು. ನಮ್ಮ ಕಾರಹುಣ್ಣಿಮೆಯ ಕಳೆಯೇ ಕಣ್ಣಿಗೆ ಕಟ್ಟುತ್ತದೆ. ಕೂಲಿಕಾರನೆಂದರೆ ಬಗ್ಗಿದ ಬೆನ್ನು, ಮಸಿ ಬಳಿದ ಮುಖ ಎಂದು ಜಗತ್ತು ನೋಡುತ್ತಿದ್ದಾಗ ಈತ ಅವನನ್ನು ಹಬ್ಬದ ದಿನದ ನೆಟ್ಟನೆಯ ನಿಲುವಿನಲ್ಲಿ ಕಂಡ. ಮಕ್ಕಳಿಗಾಗಿ ಹೂವನ್ನು ನಡೆಸಿದ ಕೈಯೇ ಶ್ರಮಜೀವಿಯನ್ನೂ ನಡೆಸಿತು. ಇಲ್ಲದ್ದನ್ನು ಕಾಣುವ ಶಕ್ತಿ ಒಂದೇ. ಮಕ್ಕಳಿಗೊಂದು, ಚಳುವಳಿಗೊಂದು ಎಂದು ಅದು ಎರಡಿಲ್ಲ. 1895ರ ಮೇ ದಿನದ ಚಿತ್ರದಲ್ಲಿ ಹೂಮಾಲೆಗೆ ಸುತ್ತಿದ ಪಟ್ಟಿಗಳ ಮೇಲೆ ಆತ ಬರೆದ ಬೇಡಿಕೆಗಳಲ್ಲಿ ಮಕ್ಕಳ ದುಡಿಮೆ ನಿಲ್ಲಬೇಕೆಂಬುದೂ ಒಂದು.

ಇದಕ್ಕೆ ಆತ ಬೆಲೆಯನ್ನೂ ತೆತ್ತ. ಷಿಕಾಗೋದಲ್ಲಿ 1887ರಲ್ಲಿ ಗಲ್ಲಿಗೇರಿದವರ ನೆನಪಿನ ಸಭೆಗೆ 1891ರಲ್ಲಿ ಬೋಸ್ಟನ್ ನಗರದಲ್ಲಿ ಹೋದದ್ದಕ್ಕಾಗಿ, ಅಲ್ಲಿಯ ಸಿರಿವಂತರು ಕರೆದಿದ್ದ ಔತಣಗಳು ರದ್ದಾದವು.

ಆದರೆ ಯಾರನ್ನೂ ನಾವು ಪೂಜೆಗೆ ಕೂರಿಸುವುದಿಲ್ಲ. 1886ರಲ್ಲಿ ಬ್ರಿಟಿಷ್ ಸಾಮ್ರಾಜ್ಯದ ಹಿರಿಮೆ ಸಾರುವ ಒಂದು ಭೂಪಟಕ್ಕೂ ಇದೇ ಕೈ ಅಲಂಕಾರ ಮಾಡಿತು. ಆಳಿಸಿಕೊಂಡ ನಮ್ಮ ಜನ ಅದರ ಅಂಚಿನ ಶೃಂಗಾರವಾಗಿದ್ದಾರೆ. ಅದು ತಪ್ಪೇ. ಆದರೂ ಅದರ ಕೆಳಗಡೆ ನೋಡಿ: ಬ್ರಿಟಾನಿಯಾ ದೇವಿ ಕುಳಿತ ಗೋಳವನ್ನು ಹೊತ್ತವನ ಎದೆಪಟ್ಟಿಯ ಮೇಲೆ 'ಮಾನವ ಶ್ರಮ' ಎಂದು ಬರೆದಿದೆ. ಮುಂದೆ 1906-07ರ ಚಳಿಗಾಲದಲ್ಲಿ ಆತ ಹಿಂದೂಸ್ಥಾನಕ್ಕೇ ಬಂದು, ಕಂಡದ್ದನ್ನು ಬರೆದು, ಚಿತ್ರಸಹಿತ ಪುಸ್ತಕ ಮಾಡಿದ. 1915ರಲ್ಲಿ ತೀರಿಕೊಂಡ.

ಈಗ ಹಿರಿಯ ಸಂಗಾತಿಯ ಪ್ರಶ್ನೆಗೆ ಬರೋಣ. ಬೋನಸ್ ಬೇಕು, ಅದಕ್ಕಾಗಿ ಹೋರಾಟವೂ ಬೇಕು. ಆದರೆ ಅದು ತೀರುವ ತನಕ ಮಗು ಮಗುವಾಗಿಯೇ ಕಾದು ಕೂರುವುದಿಲ್ಲ. ಇಂದು ಆರು ವರ್ಷದವಳು ನಾಳೆ ಹದಿನಾರಾಗುತ್ತಾಳೆ. ಹೂವು ನಡೆಯುವುದನ್ನು ಒಮ್ಮೆ ಕಂಡ ಕಣ್ಣು, ತನ್ನ ತಂದೆ ತಲೆಯೆತ್ತಿ ನಡೆಯುವ ದಿನವನ್ನೂ ಕಾಣಬಲ್ಲದು. ಅದನ್ನು ಕಾಣದವರು ಸಂಘಕ್ಕೆ ಚಂದಾ ಕೊಟ್ಟಾರು, ಸಂಘ ಕಟ್ಟಲಾರರು.

ಚಿತ್ರಪುಸ್ತಕ ಸಿರಿವಂತರ ಸೊತ್ತೆನ್ನಬೇಡಿ. ನ್ಯಾಷನಲ್ ಬುಕ್ ಟ್ರಸ್ಟಿನ ನೆಹರು ಬಾಲ ಪುಸ್ತಕಾಲಯದ ಮಾಲೆಯಲ್ಲಿ ಕನ್ನಡದಲ್ಲಿಯೂ ಅಗ್ಗದ ಪುಸ್ತಕಗಳು ಬಂದಿವೆ. ಅಂಗಡಿಯ ಬಂಧುಗಳಲ್ಲಿ ನಮ್ಮ ಕೋರಿಕೆ: ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ನಮ್ಮ ಡಬ್ಬಿಯೊಂದಕ್ಕೆ ಜಾಗ ಕೊಡಿ. ಗಿರಣಿಯ ಸಂಗಾತಿಗಳಲ್ಲಿ: ತಿಂಗಳಿಗೆ ಒಂದು ಚಹದ ಕಾಸು ಅದರಲ್ಲಿ ಹಾಕಿ. ಕೊಳ್ಳುವಾಗ ಒಂದು ನಿಯಮವಿರಲಿ: ಬಡವರ ಮಕ್ಕಳಿಗೆ ಸಾಕು ಎನ್ನುವಂಥ ಪುಸ್ತಕ ನಮ್ಮ ಕಪಾಟಿಗೆ ಬರಕೂಡದು. ಪ್ರತಿ ಪುಸ್ತಕದ ಚಿತ್ರ ಬರೆದವರ ಹೆಸರನ್ನು ಮಕ್ಕಳಿಗೆ ಓದಿ ಹೇಳೋಣ, ದುಡಿದವರ ಹೆಸರು ತಿಳಿಯಲಿ.

ಸೂಚನೆ ಇಂದು ಮತ್ತೆ ಸಭೆಯ ಮುಂದಿದೆ. ಹಿರಿಯ ಸಂಗಾತಿ ಮುಂದಿನ ಸಾಲಿನಲ್ಲಿಯೇ ಕುಳಿತಿದ್ದಾರೆ, ಅವರ ತೊಡೆಯ ಮೇಲೆ ಮೊಮ್ಮಗಳೂ ಇದ್ದಾಳೆ. ಅವರೇ ಮೊದಲು ಕೈಯೆತ್ತಬೇಕೆಂದು ಕೇಳಿಕೊಂಡು ನಮ್ಮ ಮಾತು ಮುಗಿಸುತ್ತೇವೆ.