ರೋಬೋಟ್ ಇಲ್ಲದಿದ್ದರೆ ನಡೆಯದೇ?



ಅನ್ನನಾಳದ ಕ್ಯಾನ್ಸರ್ ಎಂದೊಡನೆ ಮನೆಯವರು ನಮ್ಮಂಥ ವೈದ್ಯರನ್ನು ಕೇಳುವುದು: "ಊರಿನಲ್ಲಿರುವ ಅಪ್ಪನಿಗೆ ರೋಬೋಟ್ ಆಪರೇಷನ್ನೇ ಆಗಬೇಕೇ?"

ಎರಡೂ ವಿಧಾನಗಳಲ್ಲಿ ಸಣ್ಣ ರಂಧ್ರಗಳ ಮೂಲಕವೇ ಕೆಲಸ. ರೋಬೋಟ್ ತಾನಾಗಿ ಕೊಯ್ಯುವುದಿಲ್ಲ. ಅದನ್ನು ನಡೆಸುವುದು ಸರ್ಜನ್ನರೇ. ಮಣಿಕಟ್ಟಿನಂತೆ ತಿರುಗುವ ಉಪಕರಣಗಳು ಅದರ ಹೆಚ್ಚುಗಾರಿಕೆ.

ಚೀನಾದಲ್ಲಿ ಸುಮಾರು 360 ರೋಗಿಗಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ರೋಬೋಟಿನಿಂದ ಸುಮಾರು 40 ನಿಮಿಷ ಉಳಿಯಿತು. ಮೊದಲೇ ಕೀಮೋದಂಥ ಚಿಕಿತ್ಸೆ ಪಡೆದವರಲ್ಲಿ ಎದೆಯ ದುಗ್ಧಗ್ರಂಥಿಗಳನ್ನು ಹೆಚ್ಚು ತೆಗೆಯಲಾಯಿತು. ಆದರೆ ಶಸ್ತ್ರಚಿಕಿತ್ಸೆಯ ನಂತರದ ತೊಡಕುಗಳಲ್ಲಿ, ಸಾವಿನಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ.

ಆದ್ದರಿಂದ ನಾವು ಹೇಳುವುದಿಷ್ಟೇ: ಯಂತ್ರಕ್ಕಿಂತ ಮೊದಲು ತಂಡದ ಅನುಭವ ವಿಚಾರಿಸಿ. ರೋಬೋಟ್ ಇಲ್ಲವೆಂದು ಕೊರಗಬೇಡಿ, ಅದಕ್ಕಾಗಿ ಸಾಲಕ್ಕೆ ಬೀಳಬೇಡಿ. ನುಂಗಲು ಕಷ್ಟವಾದರೆ ಮಾತ್ರ ಒಂದು ದಿನವೂ ತಡಮಾಡಬೇಡಿ.